ಹದಿಮೂರು ವಾರಗಳ ಊರು

ಡೆನ್ವರ್ ನಗರ ಬಿಟ್ಟು 76ನೇ ಸಂಖ್ಯೆಯ ಹೆದ್ದಾರಿಯಲ್ಲಿ ಈಶಾನ್ಯಕ್ಕೆ ಒಂದು ಗಂಟೆ ಸಾಗಿದ ಮೇಲೆ ಹಿಂದೆ ತಿರುಗಿ ನೋಡಿದೆ. ರಾಕಿ ಪರ್ವತಗಳ ಹಿಮದ ಸಾಲು ಒಂದು ಬಿಳಿ ಗೆರೆಯಷ್ಟೇ ಉಳಿದಿತ್ತು. ಇನ್ನೊಂದು ಗಂಟೆಯಲ್ಲಿ ಅದೂ ಮಾಯವಾಯಿತು. ಫೋರ್ಟ್ ಮಾರ್ಗನ್, ಸ್ಟರ್ಲಿಂಗ್, ಜೂಲ್ಸ್‌ಬರ್ಗ್ ಎಂಬ ಊರುಗಳು ಒಂದೊಂದಾಗಿ ಬಂದು ಹೋದವು. ನಮ್ಮ ಕಡೆ ದೇವಸ್ಥಾನದ ಗೋಪುರ ನೋಡಿ ಊರು ಬಂತು ಎನ್ನುವಂತೆ ಇಲ್ಲಿ ಧಾನ್ಯದ ಎತ್ತರದ ಕಣಜಗಳನ್ನು ನೋಡಿ ಊರು ಬಂತು ಎನ್ನಬೇಕು.

ಕಾರು ಓಡಿಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. 1997ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಶಾಲೆಯ ಬೇಸಿಗೆ ರಜೆಯಲ್ಲಿ ನಾನೂ ನನ್ನ ಪತ್ನಿಯೂ ಡೆನ್ವರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಸುದ್ದಿ ಹೇಗೋ ಅವಳಿಗೆ ಮುಟ್ಟಿತು. 'ಸಾರ್, ಡೆನ್ವರ್ ಎಲ್ಲರೂ ನೋಡುತ್ತಾರೆ. ನಾನು ಕೆಲಸ ಮಾಡುವ ಊರಿಗೆ ಬನ್ನಿ, ನಾಲ್ಕು ದಿನ ಇದ್ದು ಹೋಗಿ' ಎಂದು ಫೋನ್ ಮಾಡಿದಳು. ಬೇಡವೆನ್ನಲು ಮನಸ್ಸಾಗಲಿಲ್ಲ.

ಅವಳ ಮನೆ ಇರುವುದು ಟೆಕ್ಸಸ್‌ನಲ್ಲಿ. ಗಂಡ, ಹದಿನಾಲ್ಕು ವರ್ಷದ ಮಗ ಅಲ್ಲಿದ್ದಾರೆ. ಕೆಲಸವಿರುವುದು ಸಾವಿರ ಕಿಲೋಮೀಟರಿಗೂ ದೂರದ ನೆಬ್ರಾಸ್ಕ ರಾಜ್ಯದ ಪಶ್ಚಿಮದ ಒಂದು ಸಣ್ಣ ಊರಿನಲ್ಲಿ. ಎರಡು ವಾರ ಕೆಲಸ, ಒಂದು ವಾರ ಮನೆ. ವಿಮಾನದಲ್ಲಿ ಡೆನ್ವರಿಗೆ ಬಂದು, ಅಲ್ಲಿ ನಿಲ್ಲಿಸಿದ ಕಾರು ಹತ್ತಿ ಊರು ಸೇರುತ್ತಾಳೆ. ಹದಿಮೂರು ವಾರಗಳ ಗುತ್ತಿಗೆ ಮುಗಿದರೆ ಇನ್ನೊಂದು ಊರು, ಇನ್ನೊಂದು ಆಸ್ಪತ್ರೆ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವುದು, ಅದು ಮುಗಿಯುವವರೆಗೆ ಉಸಿರು, ನಾಡಿ, ರಕ್ತದೊತ್ತಡ ಕಾಯುವುದು, ಮತ್ತೆ ಎಚ್ಚರಗೊಳಿಸುವುದು ಅವಳ ಕೆಲಸ. ಅವಳು ಡಾಕ್ಟರಲ್ಲ, ನರ್ಸ್.

ಹುಲ್ಲು ಹೊದ್ದ ಮರಳು

ಓಗಲಾಲ ಎಂಬ ಊರಿನಲ್ಲಿ ದೊಡ್ಡ ಹೆದ್ದಾರಿ ಬಿಟ್ಟು 61ನೇ ರಸ್ತೆ ಹಿಡಿದೆವು. ಕಿಂಗ್ಸ್‌ಲಿ ಅಣೆಕಟ್ಟಿನ ಮೇಲೆಯೇ ರಸ್ತೆ ಹಾದುಹೋಗುತ್ತದೆ. ಎಡಗಡೆ ಸಮುದ್ರದಂಥ ಜಲಾಶಯ. ಅದನ್ನು ದಾಟಿದ್ದೇ ತಡ, ಭೂಮಿ ಅಲೆಅಲೆಯಾಗಿ ಏಳತೊಡಗಿತು. ಇದೇ ಸ್ಯಾಂಡ್‌ಹಿಲ್ಸ್, ಮರಳುಗುಡ್ಡಗಳ ಸೀಮೆ. ರಾಜ್ಯದ ನಾಲ್ಕನೆಯ ಒಂದು ಭಾಗದಷ್ಟು ನೆಲವನ್ನು ಇದು ಆವರಿಸಿದೆ. ಒಂದು ಕಾಲದಲ್ಲಿ ಗಾಳಿಗೆ ಸರಿದಾಡುತ್ತಿದ್ದ ಈ ಮರಳ ದಿಬ್ಬಗಳನ್ನು ಇಂದು ಹುಲ್ಲಿನ ಬೇರುಗಳು ಹಿಡಿದು ನಿಲ್ಲಿಸಿವೆ. ಉತ್ತರೆ ಹಾಕಿದರೆ ಮರಳು ಮತ್ತೆ ಹಾರುತ್ತದೆಂದು ಇಲ್ಲಿನವರು ಬೇಸಾಯಕ್ಕಿಂತ ದನ ಸಾಕಣೆಯನ್ನೇ ನಂಬಿದ್ದಾರೆ. ಮೇ ತಿಂಗಳಾದ್ದರಿಂದ ಗುಡ್ಡಗಳೆಲ್ಲ ಎಳೆ ಹಸಿರು. ಅಲ್ಲಲ್ಲಿ ನೀರೆತ್ತುವ ಗಾಳಿಯಂತ್ರ, ಅದರ ಬುಡದಲ್ಲಿ ತೊಟ್ಟಿ, ತೊಟ್ಟಿಯ ಸುತ್ತ ಕಪ್ಪು ಹಸುಕರುಗಳು. ಮನುಷ್ಯರು ಮಾತ್ರ ಕಾಣಲಿಲ್ಲ.

ಆರ್ಥರ್ ಎಂಬಲ್ಲಿ ಕಾರು ನಿಲ್ಲಿಸಿ ಒಂದು ಚರ್ಚ್ ತೋರಿಸಿದಳು. ಮರ, ಕಲ್ಲು ಸಿಗದ ನಾಡಿನಲ್ಲಿ 1928ರಲ್ಲಿ ಒಣಹುಲ್ಲಿನ ಪೆಂಡಿಗಳನ್ನೇ ಇಟ್ಟಿಗೆಯಂತೆ ಪೇರಿಸಿ, ಮೇಲೆ ಗಾರೆ ಮೆತ್ತಿ ಕಟ್ಟಿದ ಗುಡಿ ಅದು. ಇಂದಿಗೂ ಗಟ್ಟಿಯಾಗಿ ನಿಂತಿದೆ. ಆ ಇಡೀ ಜಿಲ್ಲೆಯ ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ ಎಂದಾಗ ನನ್ನ ಪತ್ನಿ, 'ನಮ್ಮ ಬೀದಿಯಲ್ಲೇ ಅಷ್ಟು ಜನ ಇದ್ದಾರಲ್ಲ!' ಎಂದಳು.

ಹಯಾನಿಸ್ ಬಳಿ ರೈಲುಹಳಿ ಜೊತೆಯಾಯಿತು. ವಯೋಮಿಂಗ್ ಕಡೆಯಿಂದ ಕಲ್ಲಿದ್ದಲು ಹೊತ್ತ ಗಾಡಿ ಬರುತ್ತಿತ್ತು. ಹುಡುಗುಬುದ್ಧಿಯಿಂದ ಎಣಿಸಲು ಕೂತು ನೂರು ದಾಟಿದ ಮೇಲೆ ಲೆಕ್ಕ ತಪ್ಪಿದೆ. ಅಲ್ಲಿಂದ ಇನ್ನೂ ಬಹಳ ದೂರ ಹೋಗಿ ಸಂಜೆಗೆ ಅವಳ ಊರು ಮುಟ್ಟಿದೆವು. ಊರಿನ ಹೆಸರು ಬರೆಯುವುದಿಲ್ಲ. ಸಣ್ಣ ಊರು, ಆಸ್ಪತ್ರೆಯ ಒಳಗಿನ ವಿಷಯ. ಯಾರ ಗುಟ್ಟೂ ನನ್ನಿಂದ ಹೊರಬೀಳುವುದು ಬೇಡ.

ಇಪ್ಪತ್ತೈದು ಹಾಸಿಗೆಯ ಆಸ್ಪತ್ರೆ

ಆಸ್ಪತ್ರೆ ಒಂದೇ ಅಂತಸ್ತಿನದು. ಮುಂದೆ ಬಾವುಟ, ಪಕ್ಕದಲ್ಲಿ ಹೆಲಿಕಾಪ್ಟರ್ ಇಳಿಯಲು ಕಾಂಕ್ರೀಟಿನ ಚೌಕ. ಅಲ್ಲಿನ ಕ್ಯಾಂಟೀನಿನಲ್ಲಿ ಊರಿನವರೂ ಮಧ್ಯಾಹ್ನದ ಊಟಕ್ಕೆ ಬರುತ್ತಾರೆ. ನಾವೂ ಅಲ್ಲೇ ಕೂತು ಮಾತಾಡಿದೆವು.

ಹಳ್ಳಿಗಾಡಿನ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚುತ್ತಿರುವುದನ್ನು ಕಂಡು ಅಮೆರಿಕ ಸರಕಾರ 1997ರಲ್ಲಿ ಒಂದು ಕಾನೂನು ಮಾಡಿತು. ಹೆಚ್ಚೆಂದರೆ 25 ಹಾಸಿಗೆ, ಸಾಮಾನ್ಯವಾಗಿ ಇನ್ನೊಂದು ಆಸ್ಪತ್ರೆಗೆ 35 ಮೈಲಿಗಿಂತ ಹೆಚ್ಚು ದೂರ, ರೋಗಿ ಸರಾಸರಿ 96 ಗಂಟೆ ಮೀರದಂತೆ ಉಳಿಯುವುದು - ಇಂಥ ಷರತ್ತುಗಳಿಗೆ ಒಳಪಟ್ಟ ಆಸ್ಪತ್ರೆಗಳಿಗೆ ವೃದ್ಧರ ಆರೋಗ್ಯವಿಮೆಯಾದ ಮೆಡಿಕೇರ್‌ನಿಂದ ಖರ್ಚಿಗೆ ತಕ್ಕ ಹಣ ಸಿಗುತ್ತದೆ. ದೇಶದಲ್ಲಿ ಇಂಥವು 1,300ಕ್ಕೂ ಹೆಚ್ಚಿವೆ.

ಆದರೆ ಹಣವೊಂದಿದ್ದರೆ ಸಾಲದು. ಶಸ್ತ್ರಚಿಕಿತ್ಸಕ ಇದ್ದು ಅರಿವಳಿಕೆ ಕೊಡುವವರು ಇಲ್ಲದಿದ್ದರೆ ಆಪರೇಷನ್ ಥಿಯೇಟರ್ ಬಾಗಿಲು ತೆರೆಯುವಂತಿಲ್ಲ. ಸಿಸೇರಿಯನ್ ಮಾಡಲಾಗದ ಆಸ್ಪತ್ರೆ ಹೆರಿಗೆ ವಿಭಾಗವನ್ನೂ ಹೆಚ್ಚು ಕಾಲ ನಡೆಸಲಾರದು. ಹೆರಿಗೆ ನಿಂತ ಊರಿಗೆ ಎಳೆಯ ಸಂಸಾರಗಳು ಬರಲು ಹಿಂಜರಿಯುತ್ತವೆ. ಒಬ್ಬ ವ್ಯಕ್ತಿ ನಿವೃತ್ತರಾದರೆ ಊರಿಗೆ ಇಷ್ಟು ಪೆಟ್ಟು ಬೀಳಬಹುದು. ಇಲ್ಲಿಯೂ ಹಾಗೆಯೇ ಆಗಿತ್ತು. ಬಹಳ ಕಾಲ ಇದ್ದವರು ನಿವೃತ್ತರಾದರು. ಕಾಯಂ ಆಗಿ ಬರುವವರು ಸಿಗುವವರೆಗೆ ನನ್ನ ವಿದ್ಯಾರ್ಥಿನಿಯಂಥ ಸಂಚಾರಿಗಳು ಸರದಿಯ ಮೇಲೆ ಬಂದು ಬಾಗಿಲು ತೆರೆದಿಟ್ಟಿದ್ದಾರೆ.

ಭಾರತದಲ್ಲಿ ಅರಿವಳಿಕೆ ಕೊಡುವವರು ವೈದ್ಯರು. ಅಮೆರಿಕದಲ್ಲಿ ನರ್ಸ್‌ಗಳಿಗೂ ಆ ಅಧಿಕಾರ ಬಂದ ಕಥೆ ಹಳೆಯದು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಆವಿ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ತೋರಿಸಿದ. ಮುಂದಿನ ದಶಕಗಳಲ್ಲಿ ಶಸ್ತ್ರಚಿಕಿತ್ಸಕರಿಗೆ ಕತ್ತರಿಯ ಮೇಲೆ ಗಮನವೇ ಹೊರತು ರೋಗಿಯ ಉಸಿರಿನ ಮೇಲೆ ಇರಲಿಲ್ಲ. ಆ ಗಮನ ಕೊಟ್ಟವರು ಕ್ರೈಸ್ತ ಸನ್ಯಾಸಿನಿಯರು ಮತ್ತು ನರ್ಸ್‌ಗಳು. ಮಿನೆಸೋಟದ ರಾಚೆಸ್ಟರ್‌ನಲ್ಲಿ ಮೇಯೊ ಸೋದರರ ಜೊತೆ ಕೆಲಸ ಮಾಡಿದ ಆಲಿಸ್ ಮಗಾ ಎಂಬ ನರ್ಸ್ 14,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅರಿವಳಿಕೆಯಿಂದ ಒಂದು ಸಾವೂ ಆಗಲಿಲ್ಲವೆಂದು 1906ರಲ್ಲಿ ವರದಿ ಮಾಡಿದಳು. 1931ರಲ್ಲಿ ಅಗಾಥಾ ಹಾಜಿನ್ಸ್ ಮುಂದಾಳತ್ವದಲ್ಲಿ ಈ ನರ್ಸ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು. ವೈದ್ಯರ ಮೇಲ್ವಿಚಾರಣೆ ಬೇಕೆಂಬ ಮೆಡಿಕೇರ್ ನಿಯಮದಿಂದ ಹೊರಗುಳಿಯಲು 2001ರಲ್ಲಿ ರಾಜ್ಯಗಳಿಗೆ ಅವಕಾಶ ದೊರೆಯಿತು. ಮೊದಲು ಅಯೋವ, ಮರುವರ್ಷ ನೆಬ್ರಾಸ್ಕ ಹೊರಗುಳಿದವು. ಅರಿವಳಿಕೆ ವೈದ್ಯರ ಸಂಘ ಇದನ್ನು ಒಪ್ಪುವುದಿಲ್ಲ; ವಾದ ಇಂದಿಗೂ ನಡೆಯುತ್ತಿದೆ. ಈ ಊರಿನಲ್ಲಂತೂ ರಾತ್ರಿ ಹೊತ್ತು ಕರೆದರೆ ಬರಲು ಇರುವವಳು ಅವಳೊಬ್ಬಳೇ.

ಡಾಲ್ಟನ್ನನ ನಿಯಮ ಕೆಲಸಕ್ಕೆ ಬಂತು

'ಊರು ಬದಲಾದರೆ ಕಷ್ಟ ಏನು? ದೇಹ ಎಲ್ಲ ಕಡೆಯೂ ಒಂದೇ ಅಲ್ಲವೇ?' ಎಂದು ಕೇಳಿದೆ. ಅವಳು ನಕ್ಕು, 'ದೇಹ ಒಂದೇ ಸಾರ್, ಕಪಾಟು ಬೇರೆ' ಎಂದಳು. ಯಾವ ಔಷಧಿ ಯಾವ ಅರೆಯಲ್ಲಿದೆ, ಉಸಿರಿನ ಕೊಳವೆ ಎಲ್ಲಿದೆ, ವಿದ್ಯುತ್ ಹೋದರೆ ಏನು ವ್ಯವಸ್ಥೆ, ರಕ್ತ ಬೇಕಾದರೆ ಎಷ್ಟು ಹೊತ್ತಿಗೆ ಬರುತ್ತದೆ - ಹೊಸ ಊರಿಗೆ ಬಂದ ಮೊದಲ ದಿನ ಇವನ್ನೆಲ್ಲ ಕಣ್ಣುಮುಚ್ಚಿದರೂ ಸಿಗುವಷ್ಟು ಕಲಿಯಬೇಕು. ಬೆಂಗಳೂರಿನಲ್ಲಿ ಅವಳು ಕಂಡ ಆಮ್ಲಜನಕದ ಸಿಲಿಂಡರಿಗೆ ಕಪ್ಪು ಮೈ, ಬಿಳಿ ಹೆಗಲು. ಅಮೆರಿಕದಲ್ಲಿ ಅದು ಹಸಿರು. ಬಣ್ಣ ನಂಬಬೇಡ, ಹೆಸರು ಓದು ಎಂಬುದು ಅವಳು ಹಾಕಿಕೊಂಡ ನಿಯಮ.

ಮುಂದೆ ಅವಳು ಹೇಳಿದ್ದು ಕೇಳಿ ನನ್ನೊಳಗಿನ ಮೇಷ್ಟರು ಎದ್ದು ಕೂತ. ಎರಡು ವರ್ಷದ ಹಿಂದೆ ಅವಳು ಸಮುದ್ರಮಟ್ಟಕ್ಕೆ ಹತ್ತಿರವಿರುವ ಲೂಸಿಯಾನದ ಗುತ್ತಿಗೆ ಮುಗಿಸಿ ಕೊಲೊರಾಡೊದ ಬೆಟ್ಟದ ಸೀಮೆಗೆ ಹೋದಳಂತೆ. ಅಲ್ಲಿನ ಲೆಡ್‌ವಿಲ್ ಎಂಬ ಊರು 10,152 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಸುಮಾರು ಮೂರನೆಯ ಎರಡರಷ್ಟು. ಡೆಸ್‌ಫ್ಲೂರೇನ್ ಎಂಬ ಅರಿವಳಿಕೆ ದ್ರವವಿದೆ. ಅದು ಸಮುದ್ರಮಟ್ಟದಲ್ಲಿ ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಅಂದರೆ ನಮ್ಮೂರಿನ ಕೋಣೆಯಲ್ಲಿ ಸೀಸೆ ತೆರೆದಿಟ್ಟರೆ ಕುದಿದು ಹೋದೀತು. ಅದನ್ನು ಬಿಸಿ ಮಾಡಿ ಕೊಡುವ ವಿಶೇಷ ಆವಿಪಾತ್ರೆ ಎಲ್ಲಿದ್ದರೂ ಶೇಕಡಾವಾರು ಲೆಕ್ಕದಲ್ಲೇ ಆವಿ ಬಿಡುತ್ತದೆ. ಆದರೆ ಮಿದುಳು ಶೇಕಡಾವಾರು ನೋಡುವುದಿಲ್ಲ, ಆಂಶಿಕ ಒತ್ತಡ ನೋಡುತ್ತದೆ.

ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ಸಮುದ್ರಮಟ್ಟದಲ್ಲಿ ಒತ್ತಡ 760 ಮಿಲಿಮೀಟರ್ ಪಾದರಸ. ಅದರಲ್ಲಿ ಶೇಕಡ 6 ಎಂದರೆ ಸುಮಾರು 46 ಮಿಲಿಮೀಟರ್. ಲೆಡ್‌ವಿಲ್‌ನ ಎತ್ತರದಲ್ಲಿ ಒತ್ತಡ ಸುಮಾರು 520; ಅದರಲ್ಲಿ ಶೇಕಡ 6 ಎಂದರೆ ಬರೀ 31. ಮುಳ್ಳು ಅದೇ 6ರಲ್ಲಿದೆ, ಯಂತ್ರ ಕೆಟ್ಟಿಲ್ಲ, ಆದರೆ ರೋಗಿಗೆ ತಲುಪಿದ್ದು ಮೂರನೆಯ ಎರಡರಷ್ಟೇ. ತಿಳಿಯದಿದ್ದರೆ ರೋಗಿ ನಡುವೆ ಎಚ್ಚರಗೊಳ್ಳುವ ಅಪಾಯವಿದೆ. ಹಾಗಾಗಿ ಮುಳ್ಳನ್ನು ಸುಮಾರು 9ರ ಹತ್ತಿರಕ್ಕೆ ತಿರುಗಿಸಬೇಕಾಗುತ್ತದೆ. ಬೇರೆ ದ್ರವಗಳಿಗೆ ಬಳಸುವ ಸಾಮಾನ್ಯ ಆವಿಪಾತ್ರೆಗಳು ಎತ್ತರಕ್ಕೆ ಹೆಚ್ಚುಕಡಿಮೆ ತಾವೇ ಹೊಂದಿಕೊಳ್ಳುತ್ತವೆ. ಯಾವ ಪಾತ್ರೆ ಯಾವ ಬಗೆಯದೆಂದು ತಿಳಿದಿರಬೇಕಾದವಳು ಊರೂರು ತಿರುಗುವವಳು.

'ನೀವು ಕಪ್ಪುಹಲಗೆಯ ಮೇಲೆ ಬರೆದಿದ್ದ ಡಾಲ್ಟನ್ನನ ನಿಯಮ, ಸಾರ್' ಎಂದಳು. ಇಷ್ಟು ವರ್ಷ ಪರೀಕ್ಷೆಗೆ ಬರುತ್ತದೆ ಎಂದಷ್ಟೇ ಹೇಳಿ ಆ ನಿಯಮವನ್ನು ಕಲಿಸಿದ್ದೆ.

ಬಿಸ್ಕತ್ತಿನ ಡಬ್ಬಿ

ಅವಳಿಗೆ ಕೊಟ್ಟಿದ್ದು ಎರಡು ಕೋಣೆಯ ಮನೆ. ಆಸ್ಪತ್ರೆಗೆ ಕಾರಿನಲ್ಲಿ ಐದು ನಿಮಿಷ. ಕರೆ ಬಂದರೆ ತಡಮಾಡದೆ ಸೇರಬೇಕಾದ್ದರಿಂದ ಪಾಳಿಯಿರುವಾಗ ಊರು ಬಿಟ್ಟು ಹೋಗುವಂತಿಲ್ಲ. ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ. ಅಡುಗೆಮನೆಯಲ್ಲಿ ಕುಕ್ಕರ್, ಸಾಸಿವೆ ಜೀರಿಗೆಯ ಸ್ಟೀಲ್ ಡಬ್ಬಿ, ಒಂದು ಸಾರಿನ ಪುಡಿಯ ಪೊಟ್ಟಣ. ಅವಳ ಜೊತೆ ಊರೂರು ಸುತ್ತುವ ಸಂಸಾರ ಇಷ್ಟೇ.

ನನ್ನ ಪತ್ನಿ ಚಹಾ ಪುಡಿ ಹುಡುಕುತ್ತ ಒಂದು ಬಿಸ್ಕತ್ತಿನ ಡಬ್ಬಿ ತೆರೆದಳು. ಒಳಗೆ ಆಸ್ಪತ್ರೆಗಳ ಹಳೆಯ ಗುರುತುಚೀಟಿಗಳು, ಹನ್ನೊಂದು. ಎಲ್ಲದರಲ್ಲೂ ಅವಳದೇ ಮುಖ. ಸಾಲಾಗಿ ಜೋಡಿಸಿದರೆ ಕೂದಲು ನರೆಯುತ್ತ ಬಂದದ್ದು ಕಾಣುತ್ತದೆ. 'ಪ್ರತಿ ಸಲ ಮೊದಲ ವಾರ ನಾನು ಹೊಸಬಳು. ಹನ್ನೆರಡನೆಯ ವಾರ ಯಾರಾದರೂ ಊಟಕ್ಕೆ ಕರೆಯುತ್ತಾರೆ. ಹದಿಮೂರನೆಯ ವಾರ ಹೊರಡುತ್ತೇನೆ' ಎಂದಳು. ಮಗನ ಶಾಲೆಯ ವಿಜ್ಞಾನ ಪ್ರದರ್ಶನವನ್ನು ಈ ವರ್ಷವೂ ಫೋನಿನಲ್ಲೇ ನೋಡಿದಳಂತೆ. ಅದನ್ನು ಹೇಳುವಾಗ ಎದ್ದು ಹೋಗಿ ಒಲೆ ಆರಿಸಿದಳು. ಒಲೆ ಆಗಲೇ ಆರಿತ್ತು.

ಈ ದಾರಿಗೆ ಏಕೆ ಬಂದೆ ಎಂದು ಕೇಳಿದೆ. ಅರಿವಳಿಕೆಯ ಓದಿಗೆ ಮಾಡಿದ ಸಾಲ ದೊಡ್ಡದಿತ್ತು, ಸಂಚಾರಿ ಕೆಲಸಕ್ಕೆ ಸಂಬಳ ಹೆಚ್ಚು. ಸಾಲ ತೀರಿತು. ಆದರೂ ಮುಂದುವರಿಸಿದ್ದಕ್ಕೆ ಅವಳು ಕೊಟ್ಟ ಕಾರಣ ಇದು: ರೋಗಿಗಳು ಹಲವರು ಮೇಜಿನ ಮೇಲೆ ಮಲಗಿ ಕೇಳುವ ಮೊದಲ ಪ್ರಶ್ನೆ, 'ನೀವು ಈ ಊರಿನವರೇ?' ಎಂಬುದು. 'ಅಲ್ಲ. ಆದರೆ ನೀವು ಎಚ್ಚರವಾಗುವವರೆಗೆ ನಿಮ್ಮ ತಲೆಯ ಬಳಿಯಿಂದ ಕದಲುವುದಿಲ್ಲ' ಎನ್ನುತ್ತಾಳೆ. 'ಆಗ ಅವರು ಕಣ್ಣು ಮುಚ್ಚುತ್ತಾರೆ ಸಾರ್. ಹೋದ ಸೋಮವಾರ ಬಂದವಳ ಕೈಗೆ ಉಸಿರು ಕೊಟ್ಟು ಕಣ್ಣು ಮುಚ್ಚುತ್ತಾರೆ.'

ಗುಡುಗಿನ ರಾತ್ರಿ

ಮೂರನೆಯ ರಾತ್ರಿ ಬಿರುಗಾಳಿ ಎದ್ದಿತು. ಈ ಬಯಲಿನಲ್ಲಿ ಮೇ ತಿಂಗಳು ಗುಡುಗು, ಆಲಿಕಲ್ಲು, ಸುಂಟರಗಾಳಿಗಳ ಕಾಲ. ಮಿಂಚು ಒಂದು ದಿಗಂತದಿಂದ ಇನ್ನೊಂದಕ್ಕೆ ಹರಿದಾಡುತ್ತಿತ್ತು. ಒಂದು ಗಂಟೆಯ ಸುಮಾರಿಗೆ ಅವಳ ಫೋನ್ ಬಡಿದುಕೊಂಡಿತು. ಎರಡು ಮಾತು ಕೇಳಿದಳು, 'ಹೆಲಿಕಾಪ್ಟರ್?' ಎಂದು ಒಂದೇ ಪದ ಕೇಳಿದಳು. ಇಂಥ ಹವೆಯಲ್ಲಿ ಅದು ಹಾರುವುದಿಲ್ಲ. ಹೊರಗೆ ಕಾರು ಶುರುವಾದ ಸದ್ದು ಕೇಳಿಸಿತು, ಮತ್ತೆ ಮಳೆ.

ನನಗೆ ನಿದ್ದೆ ಬರಲಿಲ್ಲ. 1986ರ ಇನ್ನೊಂದು ಮಳೆಯ ರಾತ್ರಿ ನೆನಪಾಯಿತು. ನನ್ನ ಅಕ್ಕನಿಗೆ ಹೆರಿಗೆ ಬೇನೆ. ಬಾಡಿಗೆ ಜೀಪಿನಲ್ಲಿ ತಾಲ್ಲೂಕಿನ ಆಸ್ಪತ್ರೆಗೆ ಹೋದೆವು. ಆಪರೇಷನ್ ಮಾಡಲೇಬೇಕು ಎಂದರು. ಆಪರೇಷನ್ ಮಾಡುವ ಡಾಕ್ಟರ್ ಇದ್ದರು, ಥಿಯೇಟರೂ ಇತ್ತು. ಅರಿವಳಿಕೆಯವರು ಇರಲಿಲ್ಲ, ವಾರಕ್ಕೆ ಎರಡು ದಿನ ಬರುತ್ತಿದ್ದರು. 'ಮುಂದಕ್ಕೆ ಕರೆದುಕೊಂಡು ಹೋಗಿ' ಎಂದರು. ಜಿಲ್ಲಾ ಕೇಂದ್ರ ಮುಟ್ಟುವಾಗ ಬೆಳಗಾಗಿತ್ತು. ಅಕ್ಕ ಉಳಿದಳು, ಮಗು ಉಳಿಯಲಿಲ್ಲ. ಆ ಡಾಕ್ಟರರ ತಪ್ಪೂ ಅದರಲ್ಲಿ ಇರಲಿಲ್ಲ. ಮುಂದೆ ನಮ್ಮ ದೇಶದಲ್ಲಿಯೂ ಈ ಕೊರತೆ ತುಂಬಲು, ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವ ಉಳಿಸುವ ಅರಿವಳಿಕೆ ಕೌಶಲದ 18 ವಾರಗಳ ತರಬೇತಿ ಆರಂಭವಾಯಿತು. ನಮ್ಮ ಅಕ್ಕನಿಗೆ ಅದು ತಡವಾಗಿ ಬಂತು.

ಅಷ್ಟಾಗಿಯೂ ನಾನು ಏನು ಮಾಡಿದೆ? 1997ರಲ್ಲಿ ಈ ಹುಡುಗಿಯ ತಂದೆ ಶಾಲೆಗೆ ಬಂದು, 'ಮಗಳು ಮುಂದೆ ನರ್ಸಿಂಗ್ ಓದುತ್ತೇನೆ ಅನ್ನುತ್ತಾಳೆ ಸಾರ್' ಎಂದಾಗ, ನಾನೇ, 'ಇಷ್ಟು ಅಂಕ ತೆಗೆದು ನರ್ಸ್ ಆಗುವುದೇ? ಬುದ್ಧಿ ಹೇಳಿ' ಎಂದಿದ್ದೆ. ಅವಳು ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ನನ್ನ ಮಾತು ಮೀರಿ ಓದಿದಳು.

ನಾಲ್ಕೂವರೆಗೆ ಮಳೆ ನಿಂತಿತು. ಐದೂಕಾಲಿಗೆ ಕಾರು ಬಂತು. ಅವಳು ಏನೂ ವಿವರ ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಕಾಲುಚೀಲ ತೆಗೆಯುತ್ತ, 'ಇಬ್ಬರೂ ಚೆನ್ನಾಗಿದ್ದಾರೆ' ಎಂದಳು. ಆಮೇಲೆ ನನ್ನ ಪತ್ನಿ ಬಡಿಸಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದು ಮಲಗಿದಳು.

ತಂದೆತಾಯಿಯರಿಗೆ ಒಂದು ಮಾತು

ಇದನ್ನು ಓದಿ 'ಅಮೆರಿಕದ ಸಂಬಳ' ಎಂದು ಹೊರಡುವವರು ದಾರಿಯ ಉದ್ದ ತಿಳಿದಿರಬೇಕು. ಬೆಂಗಳೂರಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಮೂರು ವರ್ಷ ತೀವ್ರ ನಿಗಾ ಘಟಕದಲ್ಲಿ ಕೆಲಸ, ಅಮೆರಿಕದ ನರ್ಸ್ ಪರವಾನಗಿ ಪರೀಕ್ಷೆ - ಇಷ್ಟು ಮುಗಿಸಿ ಅವಳು ಹೊರಟಿದ್ದು 2006ರಲ್ಲಿ. ಅಲ್ಲಿ ಮತ್ತೆ ಹಲವು ವರ್ಷ ತೀವ್ರ ನಿಗಾ ಘಟಕ, ಆಮೇಲೆ ಅರಿವಳಿಕೆಯ ಓದು. ಈ ಓದಿಗೆ ತೀವ್ರ ನಿಗಾ ಘಟಕದ ಅನುಭವ ಕನಿಷ್ಠ ಒಂದು ವರ್ಷವಾದರೂ ಇರಲೇಬೇಕು. ಅವಳ ಕಾಲಕ್ಕೆ ಸ್ನಾತಕೋತ್ತರ ಪದವಿ ಸಾಕಿತ್ತು. 2022ರಿಂದ ಸೇರುವವರು ಮೂರು ವರ್ಷದ ಡಾಕ್ಟರೇಟ್ ಪದವಿಯನ್ನೇ ಪಡೆಯಬೇಕು. ರೋಗಿಗಳ ಬಳಿ ಕನಿಷ್ಠ 2,000 ಗಂಟೆಗಳ ಅಭ್ಯಾಸ, ಕೊನೆಗೆ ರಾಷ್ಟ್ರೀಯ ಪರೀಕ್ಷೆ. ಸಾಮಾನ್ಯ ನರ್ಸ್ ಪರವಾನಗಿಗೆ ನಲವತ್ತಕ್ಕೂ ಹೆಚ್ಚು ರಾಜ್ಯಗಳ ನಡುವೆ ಒಪ್ಪಂದವಿದೆ. ಅರಿವಳಿಕೆಗೆ ಮಾತ್ರ ರಾಜ್ಯ ರಾಜ್ಯಕ್ಕೂ ಬೇರೆ ಅನುಮತಿ ಪಡೆಯಬೇಕು. ಪ್ರತಿ ಆಸ್ಪತ್ರೆಯೂ ಪ್ರಮಾಣಪತ್ರಗಳನ್ನು ಹೊಸದಾಗಿ ಪರಿಶೀಲಿಸುತ್ತದೆ. ಇದಕ್ಕೇ ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಭಾರತೀಯರಿಗೆ ಕಾಯಂ ವೀಸಾದ ಸರದಿಯೂ ಬಹಳ ಉದ್ದವಾಗಿದೆ.

ಇನ್ನೊಂದು ಎಚ್ಚರಿಕೆ. ನಮ್ಮ ಕಾಲೇಜುಗಳಲ್ಲಿರುವ ಬಿ.ಎಸ್ಸಿ. ಅರಿವಳಿಕೆ ತಂತ್ರಜ್ಞಾನ ಬೇರೆ. ಅದು ಅರಿವಳಿಕೆ ವೈದ್ಯರಿಗೆ ನೆರವಾಗುವ ತಂತ್ರಜ್ಞರ ಶಿಕ್ಷಣ. ಅದೂ ಒಳ್ಳೆಯ ಕೆಲಸವೇ. ಆದರೆ ಅದನ್ನು ಓದಿದರೆ ಅಮೆರಿಕದಲ್ಲಿ ಅರಿವಳಿಕೆ ನರ್ಸ್ ಆಗಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನರ್ಸಿಂಗ್ ಪದವಿಯಿಂದಲೇ ಆ ದಾರಿ ಶುರು.

ನಾವು ಹೊರಡುವ ದಿನ ಆ ಆಸ್ಪತ್ರೆಯವರು ಅವಳಿಗೆ ಕಾಯಂ ಕೆಲಸ ಕೊಡುತ್ತೇವೆ, ಸಂಸಾರ ಕರೆದುಕೊಂಡು ಬನ್ನಿ ಎಂದಿದ್ದಾರೆಂದು ಹೇಳಿದಳು. ಒಂದೇ ಸಲ ಹೇಳಿದ್ದಲ್ಲವಂತೆ. ಮಗನನ್ನು ಕೇಳಬೇಕು ಎಂದಳು. ಆ ಮನೆಯ ಗೋಡೆಗೆ ಒಂದು ಮೊಳೆ ಹೊಡೆದಿದ್ದನ್ನು ಮಾತ್ರ ನಾನು ಕಂಡೆ. ಚಿತ್ರ ಇನ್ನೂ ತೂಗುಹಾಕಿರಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆಯಿತು. ಎರಡನೆಯ ವಾರ ಒಬ್ಬ ರೈತರು ಟೋಪಿ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. 'ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ ಸಾರ್. ಆದರೆ ಮುಂದೆ ನರ್ಸ್ ಆಗುತ್ತೇನೆ ಅಂತ ಹಟ' ಎಂದರು. ಮಗಳು ಹಿಂದೆ ನಿಂತಿದ್ದಳು. ಇಬ್ಬರಿಗೂ ಕುರ್ಚಿ ತರಿಸಿದೆ.